ಕೋಚಿಂಗ್ ಇಲ್ಲ, ಬಯಾಲಜಿ ಇಲ್ಲ. ಆದರೂ ಐಸರ್ ಪರೀಕ್ಷೆ ಬರೆದೆ

ಪಿಯು ವಿಜ್ಞಾನ ಓದ್ತಿರೋರು, ಅದರಲ್ಲೂ ಕೋಚಿಂಗ್ ಸೇರೋಕೆ ಆಗದೇ ಇರೋರು, ಇವತ್ತಿನ ನನ್ನ ಮಾತು ನಿಮಗೇ.

ನಾನು ಹಾವೇರಿ ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಆಮೇಲೆ ತಾಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಪಿಸಿಎಂಸಿ. ಅಂದರೆ ಕಂಪ್ಯೂಟರ್ ಸೈನ್ಸ್ ಇತ್ತು, ಬಯಾಲಜಿ ಇರಲಿಲ್ಲ. ಅಪ್ಪ ಟೇಲರ್. ಕೋಚಿಂಗ್ ಫೀಸು ಎಷ್ಟು ಅಂತ ಕೇಳಿಕೊಂಡು ಬಂದ ದಿನದಿಂದ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ನನಗೆ ಎಂಜಿನಿಯರಿಂಗ್ ಬೇಕಿರಲಿಲ್ಲ, ವಿಜ್ಞಾನವನ್ನೇ ಓದಬೇಕಿತ್ತು. ದೇಶದಲ್ಲಿ ಏಳು ಐಸರ್‌ಗಳಿವೆ. ಪುಣೆ, ತಿರುಪತಿ ನಮಗೆ ಹತ್ತಿರ. ಅಲ್ಲಿನ ಐದು ವರ್ಷದ ಬಿಎಸ್-ಎಂಎಸ್ ಕೋರ್ಸಿಗೆ ಐಎಟಿ ಅನ್ನೋ ಪರೀಕ್ಷೆ ಬರೆಯಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿಯಿಂದ ತಲಾ 15ರಂತೆ 60 ಪ್ರಶ್ನೆ, ಮೂರು ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಳೀತಾರೆ. ಬಯಾಲಜಿ ಬಿಟ್ಟರೆ 240ರಲ್ಲಿ 60 ಅಂಕ ಬಿಟ್ಟಂತೆ.

2023ರಲ್ಲಿ ಮೊದಲ ಸಲ ಬರೆದೆ. ಸಿಇಟಿಗೆ ಓದಿದ ಹಾಗೇ ಓದಿದ್ದೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂಕ ಕಳೆಯಲ್ಲ. ಹಾಗಾಗಿ ಸೂತ್ರ ಬಾಯಿಪಾಠ, ಗೊತ್ತಿಲ್ಲದ್ದಕ್ಕೆ ಅಂದಾಜು. ಐಎಟಿಯಲ್ಲೂ ಅದನ್ನೇ ಮಾಡಿದೆ. ಸೀಟು ಸಿಗಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. 20 ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರ ಒತ್ತಿದರೆ ಸರಾಸರಿ 5 ಸರಿ, 15 ತಪ್ಪು. 20ರಲ್ಲಿ 15 ಹೋಗಿ ಉಳಿಯೋದು 5 ಅಂಕ. ಎರಡೇ ಪ್ರಶ್ನೆ ಅರ್ಥ ಮಾಡಿಕೊಂಡು ಬಿಡಿಸಿದರೆ 8 ಅಂಕ!

ನಮ್ಮ ಫಿಸಿಕ್ಸ್ ಸರ್ ಹತ್ತಿರ ಹೋದೆ. "ಲೋಲಕದ ಉದ್ದ ನಾಲ್ಕು ಪಟ್ಟು ಮಾಡಿದ್ರ?" ಅಂದ್ರು. ಆಂದೋಲನದ ಅವಧಿ ಎರಡು ಪಟ್ಟು ಅಂತ ತಟ್ಟನೆ ಹೇಳಿದೆ. "ಲಿಫ್ಟಿನ ಹಗ್ಗ ಹರಿದು ಕೆಳಗ ಬೀಳಾಕತ್ತೈತಿ, ಒಳಗಿನ ಲೋಲಕ ಏನಾಕ್ಕೈತಿ?" ಬಾಯಿ ಕಟ್ಟಿತು. ಲಿಫ್ಟಿನ ಜೊತೆ ಲೋಲಕವೂ ಬೀಳ್ತಿರುತ್ತೆ, ಅದನ್ನು ಹಿಂದಕ್ಕೆ ಎಳೆಯೋ ಬಲವೇ ಇರಲ್ಲ, ಹಾಗಾಗಿ ತೂಗೋದಿಲ್ಲ. "ತಂಗಿ, ನಿನಗ ಸೂತ್ರ ಬರತೈತಿ. ಅದು ಎಲ್ಲಿಂದ ಬಂತು ಅನ್ನೋದು ಬರೂದಿಲ್ಲ" ಅಂದ್ರು ಸರ್.

ಅಪ್ಪ ಇನ್ನೊಂದೇ ಸಲ ಅಂದಿದ್ರು. ಊರಲ್ಲೇ ಬಿಎಸ್ಸಿ ಸೇರಿ, ಬೆಳಿಗ್ಗೆ ಐದರಿಂದ ಏಳೂವರೆ ಇದಕ್ಕೆ ಇಟ್ಟೆ. ನಮ್ಮ ಪಿಯು ಪುಸ್ತಕಗಳು ಎನ್‌ಸಿಇಆರ್‌ಟಿಯವೇ. ಅದರಲ್ಲಿ ಬಿಡಿಸಿ ಕೊಟ್ಟಿರೋ ಲೆಕ್ಕಗಳನ್ನು ಉತ್ತರ ಮುಚ್ಚಿಟ್ಟು ನಾನೇ ಬಿಡಿಸಿದೆ. ಆಮೇಲೆ ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗೋ ಎಕ್ಸೆಂಪ್ಲರ್ ಪುಸ್ತಕ. ಭಾನುವಾರ ಗಡಿಯಾರ ಇಟ್ಟುಕೊಂಡು ಹಳೇ ಪ್ರಶ್ನೆಪತ್ರಿಕೆ.

ಬಯಾಲಜಿಗೆ ಪಕ್ಕದ ಮನೆ ಅಕ್ಕನ ಹಳೇ ಪುಸ್ತಕ. ಮೊದಲ ಪುಟದಿಂದ ಶುರು ಮಾಡಲಿಲ್ಲ, ಅನುವಂಶೀಯತೆಯಿಂದ ಮಾಡಿದೆ. ಮೆಂಡೆಲನ 3:1 ಅನುಪಾತ ಅಂದರೆ ಎರಡು ನಾಣ್ಯ ಚಿಮ್ಮಿದಾಗ ಎರಡೂ ಹೆಡ್ ಬೀಳೋ ಸಂಭವ ನಾಲ್ಕರಲ್ಲಿ ಒಂದು ಅನ್ನೋದೇ. ಗಣಿತ ಗೊತ್ತಿದ್ದೋಳಿಗೆ ಆ ಬಾಗಿಲು ಸಲೀಸಾಗಿ ತೆರೀತು.

ತಪ್ಪುಗಳಿಗೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಪ್ರತಿ ತಪ್ಪಿನ ಮುಂದೆ ಕಾರಣ: ಗೊತ್ತಿರಲಿಲ್ಲ, ಅವಸರ ಮಾಡಿದೆ, ಇಂಗ್ಲಿಷ್ ಅರ್ಥ ಆಗಲಿಲ್ಲ. ತಿಂಗಳ ಕೊನೆಗೆ ಎಣಿಸಿದರೆ ಮೂರನೇದೇ ಜಾಸ್ತಿ! ದಡ್ಡಿ ಅಂದುಕೊಂಡಿದ್ದೆನಲ್ಲ, ಅಡ್ಡ ಬಂದಿದ್ದು 'ಅಟ್‌ಲೀಸ್ಟ್', 'ಅಟ್‌ಮೋಸ್ಟ್' ಥರದ ಪದಗಳು. ಅವನ್ನು ಪಟ್ಟಿ ಮಾಡಿ ಕಲಿತೆ.

2024ರಲ್ಲಿ ಸೀಟು ಸಿಕ್ತು. ಕೋಚಿಂಗಿನಲ್ಲಿ ಓದಿ ಬಂದವರ ವೇಗ ನನಗೆ ಇವತ್ತಿಗೂ ಇಲ್ಲ. ಮೊದಲ ಸೆಮಿಸ್ಟರ್ ಕಷ್ಟವೇ ಆಯ್ತು. ಆದರೆ ಎಲ್ಲಿ ಎಡವಿದೆ ಅಂತ ಹುಡುಕೋದು ಕಲಿತಿದ್ದೆ, ಅದು ಕೈ ಹಿಡೀತು.

ನೀವು ಸಿಇಟಿ, ಬಿಎಸ್ಸಿ ಅರ್ಜಿಗಳನ್ನೂ ಹಾಕಿಡಿ, ಒಂದೇ ಪರೀಕ್ಷೆ ನಂಬಿ ಕೂರಬೇಡಿ. ಇವತ್ತು ರಾತ್ರಿ ಒಂದು ಕೆಲಸ ಮಾಡಿ: ಚೆನ್ನಾಗಿ ಬರುತ್ತೆ ಅಂದುಕೊಂಡಿರೋ ಒಂದು ಸೂತ್ರ ತಗೊಂಡು, ಅದು ಎಲ್ಲಿಂದ ಬಂತು ಅಂತ ಪುಸ್ತಕ ಮುಚ್ಚಿ ಬರೆದು ನೋಡಿ. ಎಲ್ಲಿ ಪೆನ್ನು ನಿಲ್ಲುತ್ತೋ, ನಾಳೆ ಬೆಳಿಗ್ಗೆ ಅಲ್ಲಿಂದ ಓದು ಶುರು ಮಾಡಿ.