ಸತ್ತ ಮಂಗ ಮತ್ತು ದರಗಿನ ಹೊರೆ

(ಬೆಳ್ಳಿಹಬ್ಬದ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಅಡಿಕೆ, ಸಾಲ, ಗೊಬ್ಬರದ ಸಭೆಯಲ್ಲಿ ಮಂಗನ ಕಾಯಿಲೆಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ತೋಟಕ್ಕೂ ಕೊಟ್ಟಿಗೆಗೂ ತರುವ ದರಗಿನ ಜೊತೆಯಲ್ಲೇ ಅದು ಬರುತ್ತದೆ, ಅದಕ್ಕೇ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ವೈರಸ್ಸನ್ನು ಪತ್ತೆ ಹಚ್ಚಿದರು. ಅದು ರಷ್ಯಾ ಕಡೆಯ ಒಂದು ವೈರಸ್ಸಿಗೆ ಹತ್ತಿರದ್ದು. ವಲಸೆ ಹಕ್ಕಿಗಳು ತಂದವೇ ಎಂಬ ಅನುಮಾನ ಹುಟ್ಟಿದ್ದರಿಂದ ಸಲೀಂ ಅಲಿಯವರ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವೂ ಸಿಕ್ಕಿತು. ನಮ್ಮ ಮಲೆನಾಡಿನ ಕಾಡೊಂದರ ಹೆಸರು ವೈದ್ಯಪುಸ್ತಕ ಸೇರಿದ್ದು ಹೀಗೆ. ಹೆಮ್ಮೆಪಡುವ ಸಂಗತಿಯೇನಲ್ಲ ಬಿಡಿ.

ನಾನು ಹೈಸ್ಕೂಲಿನಲ್ಲಿದ್ದಾಗ ಉಣುಗು ಸಮೀಕ್ಷೆಗೆ ಬರುವ ಸಿಬ್ಬಂದಿಯ ಜೊತೆ ರಜೆಯಲ್ಲಿ ಹೋಗುತ್ತಿದ್ದೆ. ಮೇಷ್ಟ್ರಿಗೆ ಬೇರೆ ಕಸುಬಿಲ್ಲವಾ ಅಂದವರೂ ಇದ್ದಾರೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ ಮೆಲ್ಲಗೆ ಎಳೆಯಬೇಕು. ಹತ್ತು ಹೆಜ್ಜೆಗೊಮ್ಮೆ ತಿರುಗಿಸಿ ನೋಡಬೇಕು. ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ಅಂಟಿರುತ್ತವೆ. ಚಿಮುಟದಲ್ಲಿ ಹಿಡಿದು ಸೀಸೆಗೆ ಹಾಕಬೇಕು. ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ಹತ್ತಿಸುವುದು ಈ ಮರಿಗಳೇ. ಡಿಸೆಂಬರಿನಿಂದ ಮೇ ತನಕ ಇವುಗಳ ಕಾಲ. ನಾವು ದರಗು ಗುಡಿಸುವುದೂ ಆಗಲೇ!

ಮಕ್ಕಳನ್ನು ಕಾಡಿಗೆ ಒಯ್ಯಲಿಲ್ಲ. ಅವರು ಮನೆ ಮನೆಗೆ ಹೋಗಿ ಯಾರು ಎಲ್ಲಿಂದ ದರಗು ತರುತ್ತಾರೆ, ಎಲ್ಲಿ ಮಂಗ ಸತ್ತಿತ್ತು ಎಂದು ಕೇಳಿ ಊರಿನ ನಕ್ಷೆಯಲ್ಲಿ ಗುರುತು ಹಾಕಿದರು. ಎರಡನೇ ಪ್ರಶ್ನೆಗೆ ಮಾತ್ರ ಜನ ಬಾಯಿ ಬಿಡಲೊಲ್ಲರು. "ಹೇಳಿದ್ರೆ ಕೇಸು ಗೀಸು ಆಗ್ತದೆ ಮಾರಾಯ್ರೆ" ಎಂಬ ಹೆದರಿಕೆ. ಇನ್ನು ಕೆಲವರು ಹನುಮಂತನ ರೂಪ ಅಂತ ಭಕ್ತಿಯಿಂದ ಕೈಯಾರೆ ಎತ್ತಿ ಮಣ್ಣು ಮಾಡುತ್ತಾರೆ. ಭಕ್ತಿ ಇರಲಿ. ಆದರೆ ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಅಲ್ಲೇ ಹರಡುತ್ತವೆ. ಮುಟ್ಟದೆ ಸುದ್ದಿ ಕೊಟ್ಟರೆ ಇಲಾಖೆಯವರು ಬಂದು ಸುತ್ತ ಔಷಧಿ ಪುಡಿ ಉದುರಿಸುತ್ತಾರೆ.

ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ರೋಗಿಯ ಮನೆಯನ್ನು ದೂರ ಇಡಬೇಡಿ. ಹಳೆಯ ಲಸಿಕೆಯನ್ನು ಸತ್ವ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಇದಕ್ಕೇ ಎಂಬ ಔಷಧಿಯೂ ಇಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಏನಾಯಿತೆಂದು ತಮಗೆ ಗೊತ್ತೇ ಇದೆ.

ಸಂಘದ ಬಾಗಿಲಿಗೆ ಬಾರದ ಮನೆ ಈ ಊರಲ್ಲಿಲ್ಲ. ಆದ್ದರಿಂದ ಕಾರ್ಯದರ್ಶಿಗಳಲ್ಲಿ ಕೇಳುವುದಿಷ್ಟು: ಡಿಸೆಂಬರಿಗೆ ಮುಂಚೆ ಗೊಬ್ಬರದ ಕೌಂಟರಿನ ಪಕ್ಕ ಒಂದು ಪುಸ್ತಕ ಇಡಿ. ಸತ್ತ ಮಂಗ ಕಂಡವರು ಜಾಗ ಬರೆದರೆ ಸಾಕು, ಹೆಸರು ಬೇಡ. ಅದನ್ನು ಅಂದೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸುವ ಕೆಲಸ ನನಗಿರಲಿ. ಮೈಗೆ ಹಚ್ಚುವ ಎಣ್ಣೆಯನ್ನೂ ಅಲ್ಲಿಂದ ತರಿಸಿ ಇಲ್ಲೇ ಹಂಚುವಂತಾದರೆ ದರಗಿಗೆ ಹೋಗುವ ಹೆಂಗಸರಿಗೆ ಒಂದು ದಿನದ ಕೂಲಿ ಉಳಿಯುತ್ತದೆ.