ನಿಸ್ತಂತು ಜಾಲವೂ ನಮ್ಮ ಪ್ರಯೋಗಶಾಲೆಯೂ

(ಶತಮಾನೋತ್ಸವದ ಪೋಷಕರ ಸಭೆಯಲ್ಲಿ ವಿಜ್ಞಾನ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಹಳೆಯ ವಿದ್ಯಾರ್ಥಿಗಳು ಶಾಲೆಗೆ ವೈ-ಫೈ ಕಾಣಿಕೆ ನೀಡುತ್ತಿದ್ದಾರೆ. ಅದರ ಪೆಟ್ಟಿಗೆಯನ್ನು ಪ್ರಯೋಗಶಾಲೆಯಲ್ಲಿ ಇರಿಸಿದರೆ ಉಪಕರಣಗಳು ಕೆಡುವುವೆಂದು ಕೆಲವರ ಆತಂಕ. ಅದು ಬರಿಯ ಭ್ರಮೆಯೆಂದು ಬೇರೆ ಕೆಲವರ ವಾದ. ಕನ್ನಡದ ಹೊಸ ಕಲಿಕಾ ಸಾಮಗ್ರಿ ಗಡಿ ದಾಟಿ ಅಕ್ಕಲಕೋಟೆಯ ಸೀಮೆಗೆ ಬರುವುದೇ ತಡ. ಆದುದರಿಂದ ಜಾಲ ಬೇಡವೆಂಬ ಮಾತು ನಮ್ಮದಲ್ಲ. ಎಲ್ಲಿರಬೇಕೆಂಬುದನ್ನು ಮಾತ್ರ ಅಳೆದು ನೋಡಿ ತೀರ್ಮಾನಿಸೋಣ.

ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ 1998ರಿಂದ ಆಗಾಗ ಆಕಾಶದ ಸಂಕೇತಗಳನ್ನು ಹೋಲುವ ಮಿಡಿತಗಳು ದಾಖಲಾಗುತ್ತಿದ್ದವು. ಅವುಗಳಿಗೆ ‘ಪೆರಿಟಾನ್’ ಎಂದು ಹೆಸರಾಯಿತು. 2015ರಲ್ಲಿ ಎಮಿಲಿ ಪೆಟ್ರಾಫ್ ಮತ್ತು ಸಂಗಡಿಗರು ಮೂಲವನ್ನು ಹಿಡಿದರು: ಅದು ಆವರಣದಲ್ಲೇ ಇದ್ದ ಮೈಕ್ರೋವೇವ್ ಒಲೆ! ಒಲೆ ನಿಲ್ಲುವ ಮೊದಲೇ ಯಾರೋ ಬಾಗಿಲು ತೆರೆದಾಗ ಮಿಡಿತ ಹೊರಬೀಳುತ್ತಿತ್ತು. ಅದೇ ಗಳಿಗೆಯಲ್ಲಿ 2.4 ಗಿಗಾಹರ್ಟ್ಸ್ ಸುತ್ತಲೂ ಕಂಡ ಹೊಮ್ಮುವಿಕೆ ಸುಳಿವಿತ್ತಿತು. ವೈ-ಫೈ ನಡೆಯುವ ಪಟ್ಟಿಗಳಲ್ಲಿ ಅದೂ ಒಂದು. ನಮ್ಮ ರಾಜ್ಯದ ಖೋಡದದಲ್ಲಿ, 45 ಮೀಟರ್ ವ್ಯಾಸದ 30 ತಟ್ಟೆಗಳ ಜಿಎಂಆರ್‌ಟಿ ನೆಲೆಗೊಂಡುದಕ್ಕೆ ಅಲ್ಲಿ ಇಂಥ ಗದ್ದಲ ಕಡಿಮೆಯಿದ್ದುದೂ ಒಂದು ಕಾರಣ.

ನಮ್ಮ ಉಪಕರಣಗಳು ಅಷ್ಟು ಸೂಕ್ಷ್ಮವಲ್ಲ. ಬ್ಯುರೆಟ್ಟಿಗಾಗಲಿ ಸ್ಕ್ರೂಗೇಜಿಗಾಗಲಿ ವೈ-ಫೈಯ ಗೊಡವೆಯಿಲ್ಲ. ಗಮನಿಸಬೇಕಾದುದು ಪಿಎಚ್ ಮಾಪಕವನ್ನು. ಒಂದು ಪಿಎಚ್ ವ್ಯತ್ಯಾಸಕ್ಕೆ ಅದರ ಗಾಜಿನ ಇಲೆಕ್ಟ್ರೋಡ್ ಕೊಡುವುದು ಸುಮಾರು 59 ಮಿಲಿವೋಲ್ಟ್ ಮಾತ್ರ. ರೋಧವೋ ಬಹಳ ಹೆಚ್ಚು. ಅದರ ತಂತಿಯೇ ಆಂಟೆನಾ ಆಗಬಹುದು. ಆದರೂ ವೈ-ಫೈ ಪೆಟ್ಟಿಗೆಯ ಶಕ್ತಿ ಸಾಮಾನ್ಯವಾಗಿ 0.1 ವಾಟಿನ ಆಸುಪಾಸು, ಹಳೆಯ 2ಜಿ ಫೋನು 2 ವಾಟಿನವರೆಗೆ ಏರಬಲ್ಲುದು. ಪೆಟ್ಟಿಗೆಯನ್ನು ಶಂಕಿಸುವ ನಾವು ಜೇಬಿನಲ್ಲಿರುವುದನ್ನು ಮರೆಯುತ್ತೇವೆ. ತೆರವಿನಲ್ಲಿ ದೂರ ಇಮ್ಮಡಿಯಾದರೆ ಪ್ರಭಾವ ಕಾಲುಭಾಗಕ್ಕೆ ಇಳಿಯುತ್ತದೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾಪಕ ತಪ್ಪು ತೋರಿದರೆ ಅಂಕ ಹೋಗುವುದು ಮಗುವಿನದು. ಕೈತಪ್ಪಿಗೆಲ್ಲ ವೈ-ಫೈಯನ್ನು ನೆಪವಾಗಿಸುವುದೂ ಸಲ್ಲದು. ಆದ್ದರಿಂದ ಪೆಟ್ಟಿಗೆಯನ್ನು ಗೋಡೆಗೆ ಜಡಿಯುವ ಮೊದಲು ಹತ್ತನೆಯ ತರಗತಿಯವರು ಪಿಎಚ್ 7ರ ಬಫರ್ ದ್ರಾವಣವನ್ನು ಇಪ್ಪತ್ತು ಬಾರಿ ಅಳೆಯಲಿ: ಹತ್ತು ಬಾರಿ ಜಾಲ ಚಾಲೂ ಇರುವಾಗ, ಹತ್ತು ಬಾರಿ ನಿಂತಿರುವಾಗ. ಸ್ವಿಚ್ಚು ಮತ್ತೊಂದು ಕೋಣೆಯವರ ಕೈಯಲ್ಲಿರಲಿ. ಅಳೆಯುವವರಿಗೆ ಅದರ ಸ್ಥಿತಿ ತಿಳಿಯದಿರಲಿ. ಪೆಟ್ಟಿಗೆ ಮೇಜಿನ ಪಕ್ಕದಲ್ಲಿದ್ದಾಗ ಒಮ್ಮೆ, ಹೊರಗಿನ ಪಡಸಾಲೆಯಲ್ಲಿದ್ದಾಗ ಇನ್ನೊಮ್ಮೆ ಹೀಗೆ ನಡೆಯಲಿ. ಫಲ ಯಾವ ಕಡೆಗೆ ಬಂದರೂ ಮಕ್ಕಳೇ ಅದನ್ನು ಕನ್ನಡದಲ್ಲಿ ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಯುವರು. ಪೋಷಕರು ಬಂದು ನೋಡಬಹುದು. ಫೋನುಗಳನ್ನು ಮಾತ್ರ ಬಾಗಿಲ ಬಳಿಯ ಬುಟ್ಟಿಯಲ್ಲಿ ಇಟ್ಟು ಒಳಗೆ ಬರಬೇಕು. ಶಿಕ್ಷಕರಾದ ನಮ್ಮವೂ ಅಲ್ಲಿಯೇ ಇರುತ್ತವೆ.