ಸಿಂಗಳೀಕದ ಬೆನ್ನು ಹತ್ತಿದವರು

ಕದ್ವಾಡ, ಅಂಕೋಲೆಯ ತೋಟಗಳಿಗೆ ನುಗ್ಗುವ ಮಂಗಗಳು ನಿಮಗೆ ಚೆನ್ನಾಗಿ ಗೊತ್ತು. ನಾನಿಂದು ಹೇಳಹೊರಟಿರುವುದು ನಮ್ಮದೇ ಜಿಲ್ಲೆಯ ಘಟ್ಟದ ಕಾನುಗಳಲ್ಲಿ, ನೆಲಕ್ಕೆ ಅಪರೂಪಕ್ಕೆ ಇಳಿಯುತ್ತ, ಮರದಿಂದ ಮರಕ್ಕೆ ಸಾಗುವ ಸಿಂಗಳೀಕದ ಬಗ್ಗೆ, ಅದನ್ನು ಅರಿಯಲು ಹೊರಟವರ ಬಗ್ಗೆ.

ವಾನರಕುಲದ ಹಳೆಯ ಚರಿತ್ರೆ ಬೇಕಾದವರು ನೆಲ ಅಗೆಯುತ್ತಾರೆ. ಅಮೆರಿಕದ ಎಲ್ವಿನ್ ಸೈಮನ್ಸ್ ಈಜಿಪ್ಟಿನ ಫಯೂಮ್ ಮರಳುಗಾಡಿನಲ್ಲಿ ಪಳೆಯುಳಿಕೆ ಹುಡುಕಿದವರು. ಶಿವಾಲಿಕ ಬೆಟ್ಟಗಳಲ್ಲಿ ಸಿಕ್ಕ ದವಡೆಯ ಚೂರುಗಳನ್ನು ನೋಡಿ, ರಾಮಾಪಿಥೆಕಸ್ ಎಂಬ ಹಳೆಯ ವಾನರ ಮನುಷ್ಯನ ಪೂರ್ವಜನೆಂದು 1960ರ ದಶಕದಲ್ಲಿ ವಾದಿಸಿದರು. ಮುಂದೆ ಹೆಚ್ಚಿನ ಎಲುಬು ಸಿಕ್ಕಾಗ ಅದು ಒರಾಂಗುಟಾನ್ ಬಳಗದ್ದೆಂದು ತಿಳಿಯಿತು. ಅದೇ ಸೈಮನ್ಸ್ 1977ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಪ್ರೈಮೇಟ್ ಕೇಂದ್ರದ ಹೊಣೆ ಹೊತ್ತು, ಮಡಗಾಸ್ಕರಿನ ಲೆಮರುಗಳನ್ನು ಉಳಿಸಲು ನಿಂತರು.

ನಮ್ಮ ಘಟ್ಟದ ಒದ್ದೆ ಮಣ್ಣಿನಲ್ಲಿ ಎಲುಬು ಬಹುಕಾಲ ಉಳಿಯುವುದಿಲ್ಲ. ಇಲ್ಲಿ ಬದುಕಿರುವ ಪ್ರಾಣಿಯ ಹಿಂದೆಯೇ ನಡೆಯಬೇಕು. ಹಾಗೆ ನಡೆದವರಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಒಬ್ಬರು. 1960ರ ದಶಕದ ಆರಂಭದಲ್ಲಿ ಧಾರವಾಡದ ಕಾಡುಗಳಲ್ಲಿ ಮುಸಿಯಾಗಳನ್ನು ನೋಡುತ್ತ ಕೂತ ಅವರಿಗೆ, ಗುಂಪನ್ನು ವಶಮಾಡಿಕೊಂಡ ಹೊಸ ಗಂಡು ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದು ಕಂಡಿತು. 1965ರ ಆ ವರದಿಯನ್ನು ಬಹಳ ವಿದ್ವಾಂಸರು ನಂಬಲಿಲ್ಲ. ವಾದ ದಶಕಗಳ ಕಾಲ ನಡೆಯಿತು. ಸಿಂಗಳೀಕದ ಮೇಲೂ ಅವರು ಒಂದು ಆರಂಭಿಕ ಅಧ್ಯಯನ ಮಾಡಿದರು.

ಕರ್ನಾಟಕದ ಸಿಂಗಳೀಕಗಳ ಸ್ಥಿತಿಗತಿಯನ್ನು ಉಲ್ಲಾಸ ಕಾರಂತರು 1985ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಎಚ್. ಎನ್. ಕುಮಾರ ಕಾನುಗಳನ್ನು ಸುತ್ತಿ ಗುಂಪುಗಳನ್ನು ಎಣಿಸಿದಾಗ, ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಯಾರೂ ಊಹಿಸದಷ್ಟು ಸಿಂಗಳೀಕಗಳಿರುವುದು ಗೊತ್ತಾಯಿತು. ಜೊತೆಗೆ ಇನ್ನೊಂದು ಸಂಕಟವೂ ಕಂಡಿತು. ಸಿಂಗಳೀಕ ತಿನ್ನುವ ಉಪ್ಪಾಗೆ ಹಣ್ಣೇ ಊರವರ ಮಳೆಗಾಲದ ಸಂಪಾದನೆ. ಬೊಜ್ಜು ಕರಗಿಸುವ ಔಷಧಿಗೆಂದು ಹೊರದೇಶದಲ್ಲಿ ಬೇಡಿಕೆ ಏರಿದಾಗ ಹಣ್ಣು ಮಾಗುವ ಮೊದಲೇ ಕೊಯ್ಯತೊಡಗಿದರು, ಸಿಪ್ಪೆ ಒಣಗಿಸಲು ಕಟ್ಟಿಗೆ ಕಡಿದರು. ಬಡವರನ್ನು ಬೈದು ಇದನ್ನು ಬಗೆಹರಿಸಲಾಗದು. ಹದ ತಿಳಿದು ಕೊಯ್ಯುವವರನ್ನು ಜೊತೆಗಿಟ್ಟುಕೊಂಡೇ ಕಾಡು ಕಾಯಬೇಕು.

ಈ ಎಣಿಕೆಯ ಬಲದಿಂದಲೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿತು. ಈಗ ಅದೇ ಕಣಿವೆಯಲ್ಲಿ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾಪವಿದೆ. ಅದಕ್ಕಾಗಿ ಕಾಡು ಕಡಿದು, ಮರಗಳ ಮೇಲಿನ ಹಂದರ ತುಂಡಾದರೆ ಒಂದು ಗುಂಪಿನ ಗಂಡು ಇನ್ನೊಂದನ್ನು ಸೇರುವುದು ಕಷ್ಟ. ಆ ಯೋಜನೆ ಅಲ್ಲಿ ಬೇಡವೆಂಬುದು ನನ್ನ ನಿಲುವು.